ಬಂಡೆಯ ಚಿಪ್ಪು ಕೀಳಬೇಡಿ

ಮಾನ್ಯ ಸಂಪಾದಕರೇ,

ಕಾಪು, ಸೋಮೇಶ್ವರದಂಥ ಕಡೆ ಭರತ-ಇಳಿತಗಳ ನಡುವಿನ ಬಂಡೆಗೆ ಅಂಟಿದ ಟೋಪಿಯಾಕಾರದ ಚಿಪ್ಪುಗಳನ್ನು ಪ್ರವಾಸಿಗರು ಕೀಳುವುದುಂಟು. ಅವು ಖಾಲಿ ಚಿಪ್ಪುಗಳಲ್ಲ, ಲಿಂಪೆಟ್ ಎಂಬ ಸಸ್ಯಾಹಾರಿ ಕಡಲ ಬಸವನಹುಳುಗಳು. ಬಂಡೆ ಒದ್ದೆಯಿದ್ದಾಗ ತೆವಳುತ್ತಾ, ಅರದಂಥ ನಾಲಿಗೆಯಿಂದ ಪಾಚಿಯ ತೆಳುಪದರವನ್ನೂ ಆಗತಾನೆ ಮೊಳೆತ ಕಡಲಕಳೆಯನ್ನೂ ಕೆರೆದು ತಿನ್ನುತ್ತವೆ. ಆ ನಾಲಿಗೆಯ ಮೇಲಿನ ಪುಟ್ಟ ಹಲ್ಲುಗಳಲ್ಲಿ ಕಬ್ಬಿಣದ ಖನಿಜವೇ ಇದೆ! ಇಳಿತದ ಬಿಸಿಲಲ್ಲಿ ಚಿಪ್ಪಿನಂಚನ್ನು ಬಂಡೆಗೆ ಒತ್ತಿ ಒಳಗಿನ ತೇವ ಉಳಿಸಿಕೊಳ್ಳುತ್ತವೆ. ಕಿತ್ತರೆ ಬಂಡೆಗೆ ಅಂಟಿಕೊಳ್ಳುವ ಮಾಂಸಲ ಪಾದ ಹರಿದುಹೋಗಬಹುದು; ಆಗ ಮರಳಿ ಇಟ್ಟರೂ ಹಿಡಿತ ಸಿಗದೆ ಒಣಗುತ್ತವೆ, ಇಲ್ಲವೇ ಏಡಿಯ ಪಾಲು. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಟಾರಿ ಕ್ಯಾನಿಯನ್ ಹಡಗಿನಿಂದ ಸೋರಿದ ತೈಲ ತೊಳೆಯಲು ಸುರಿದ ರಾಸಾಯನಿಕಕ್ಕೆ ಲಿಂಪೆಟ್‌ಗಳು ಸತ್ತು, ಬಂಡೆಗಳನ್ನು ಹಸಿರು ಪಾಚಿ ಮುಚ್ಚಿಬಿಟ್ಟಿತ್ತು. ನಮ್ಮ ಕಡಲತೀರದ ಸೂಚನಾಫಲಕಗಳಲ್ಲಿ ‘ಚಿಪ್ಪು ಕೀಳಬೇಡಿ’ ಎಂಬ ಸಾಲೂ ಇರಲಿ.

– ಓದುಗರು, ಕಾಪು