ಯಕ್ಷಪ್ರಶ್ನೆಗೆ ಉತ್ತರವಿದೆ

ಮಾನ್ಯ ಸಂಪಾದಕರೇ,

ಕಾಮಗಾರಿ ನಿಂತರೂ, ಸಂಪುಟ ವಿಸ್ತರಣೆ ಮುಂದಕ್ಕೆ ಹೋದರೂ, ಕಡತ ನಾಪತ್ತೆಯಾದರೂ ಪತ್ರಿಕೆಗಳಲ್ಲಿ ಒಂದೇ ಸಾಲು: ‘ಯಕ್ಷಪ್ರಶ್ನೆಯಾಗಿಯೇ ಉಳಿದಿದೆ’. ಉತ್ತರವೇ ಇಲ್ಲದ ಪ್ರಶ್ನೆ ಎಂಬರ್ಥದಲ್ಲಿ ಈ ಪದ ಬಳಸುವುದು ಅದು ಹುಟ್ಟಿದ ಕಥೆಗೇ ವಿರುದ್ಧ.

ಮಹಾಭಾರತದ ಅರಣ್ಯಪರ್ವದ ಕೊನೆಯಲ್ಲಿ, ಪಾಂಡವರ 12 ವರ್ಷದ ವನವಾಸ ಮುಗಿಯುವ ಹೊತ್ತಿಗೆ ಈ ಪ್ರಸಂಗ ಬರುತ್ತದೆ. ಮೊದಲು ಉತ್ತರ, ಆಮೇಲೆ ನೀರು ಎಂಬ ಯಕ್ಷನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ನೀರು ಕುಡಿದ ನಕುಲ, ಸಹದೇವ, ಅರ್ಜುನ, ಭೀಮರು ದಡದಲ್ಲೇ ಉರುಳಿದರು. ಪ್ರಶ್ನೆಯನ್ನು ಲೆಕ್ಕಿಸದೇ ಹೋದದ್ದೇ ಅವರಿಗೆ ಮುಳುವಾಯಿತು. ಉತ್ತರ ಗೊತ್ತಿತ್ತೋ ಇಲ್ಲವೋ ಎಂಬ ಮಾತೇ ಅಲ್ಲಿ ಏಳಲಿಲ್ಲ. ಧರ್ಮರಾಯ ನಿಂತು ಕೇಳಿಸಿಕೊಂಡ. ಭೂಮಿಗಿಂತ ಭಾರವಾದದ್ದು ಯಾವುದು? ತಾಯಿ. ಗಾಳಿಗಿಂತ ವೇಗದ್ದು? ಮನಸ್ಸು. ಹುಲ್ಲಿಗಿಂತ ಲೆಕ್ಕದಲ್ಲಿ ಹೆಚ್ಚಿನದು? ಚಿಂತೆ. ಹೀಗೆ ಒಂದನ್ನೂ ಬಿಡದೆ ಉತ್ತರಿಸಿದ. ತಮ್ಮಂದಿರು ಎದ್ದು ಕುಳಿತರು.

ಹಾಗಾಗಿ ಯಕ್ಷಪ್ರಶ್ನೆ ಎಂದರೆ ಉತ್ತರಿಸದೆ ಮುಂದಡಿ ಇಡಲಾಗದ, ವಿವೇಕಕ್ಕೆ ಸವಾಲೊಡ್ಡುವ ಪ್ರಶ್ನೆ. ‘ಬಹಳ ಕಠಿಣವಾದ ಪ್ರಶ್ನೆ’ ಎಂಬ ರೂಢಿಯ ಅರ್ಥಕ್ಕೆ ತಕರಾರಿಲ್ಲ. ‘ಸೇತುವೆ ಕೆಲಸ ಏಕೆ ನಿಂತಿತೆಂಬುದು ಯಕ್ಷಪ್ರಶ್ನೆ’ ಎಂದು ಬರೆಯುವುದಕ್ಕೆ ಖಂಡಿತ ಇದೆ. ಅದರ ಉತ್ತರ ಕಡತದಲ್ಲಿರುತ್ತದೆ, ಹೇಳಬೇಕಾದವರು ಹೇಳಿರುವುದಿಲ್ಲ, ಅಷ್ಟೆ. ‘ಕೆಲಸ ನಿಂತ ಕಾರಣವನ್ನು ಎಂಜಿನಿಯರ್ ತಿಳಿಸಿಲ್ಲ’ ಎಂದು ಬರೆದರೆ ಹೊಣೆ ಯಾರದೆಂಬುದು ಓದುಗರಿಗೆ ಗೊತ್ತಾಗುತ್ತದೆ. ಯಕ್ಷನನ್ನು ಎಳೆತಂದ ಕೂಡಲೇ ಹೊಣೆಗಾರರು ಮರೆಗೆ ಸರಿಯುತ್ತಾರೆ. ಸುದ್ದಿಮನೆಯವರು ಇದನ್ನು ದಯವಿಟ್ಟು ಗಮನಿಸಬೇಕು.

ಬೇರೆ ಪದಗಳಿಗೇನೂ ಬರವಿಲ್ಲ. ಹಲವರ ಹಿತಾಸಕ್ತಿಗಳು ಹೆಣೆದುಕೊಂಡ ಗಡಿ ತಂಟೆ, ನೀರಿನ ಹಂಚಿಕೆಯಂಥವು ಕಗ್ಗಂಟು. ಸುಳಿವು ಕಣ್ಣೆದುರೇ ಇದ್ದೂ ಹೊಳೆಯದಿದ್ದರೆ ಒಗಟು. ಬಲ್ಲವರು ಬಾಯಿಬಿಡದೆ ಮುಚ್ಚಿಟ್ಟದ್ದು ಚಿದಂಬರ ರಹಸ್ಯ. ಕ್ರಿಯಾಪದವೂ ಹೊಂದಬೇಕು: ಕಗ್ಗಂಟನ್ನು ಬಿಡಿಸುತ್ತೇವೆ, ಒಗಟನ್ನು ಒಡೆಯುತ್ತೇವೆ, ರಹಸ್ಯ ಬಯಲಾಗುತ್ತದೆ, ಯಕ್ಷಪ್ರಶ್ನೆಗೆ ಉತ್ತರಿಸುತ್ತೇವೆ. ‘ಯಕ್ಷಪ್ರಶ್ನೆ ಬಗೆಹರಿಯಿತು’ ಎಂದರೆ ಕಿವಿಗೆ ಒಗ್ಗದು, ಬಗೆಹರಿಯುವುದು ಸಮಸ್ಯೆ. ಇನ್ನು, ‘ಯಕ್ಷನ ಪ್ರಶ್ನೆ’ ಎಂಬುದು ಸಮಾಸವಾಗಿ ಬಂದ ಪದವಿದು. ‘ಯಕ್ಷ ಪ್ರಶ್ನೆ’ ಎಂದು ನಡುವೆ ಜಾಗ ಬಿಡದೆ ಕೂಡಿಸಿಯೇ ಅಚ್ಚುಮಾಡಿ.

ಇತಿ,
ಒಬ್ಬ ಓದುಗ