ಗಂಡನನ್ನೂ ಒಳಗೆ ಕರೆಯಿರಿ

ಮಾನ್ಯರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಲೈಂಗಿಕ ಸೋಂಕುಗಳ ಬಗ್ಗೆ ಬಂದ ಬರಹ ಓದಿದೆ. ಹೆಂಗಸರು ಒಬ್ಬನೇ ಸಂಗಾತಿಯ ಜೊತೆ ಇದ್ದರೆ ಹೆದರಬೇಕಿಲ್ಲ ಎಂಬ ಮಾತು ಅದರಲ್ಲಿತ್ತು. ಮೂವತ್ತು ವರ್ಷ ನರ್ಸ್ ಆಗಿ ದುಡಿದ ನನಗೆ ಸುಮ್ನಿರಲು ಆಗಲಿಲ್ಲ. ಅವಳಿಗೆ ಒಬ್ಬನೇ, ಸರಿ. ಅವನಿಗೆ?

ಇದು ಹೊಸ ವಿಷಯವೇನಲ್ಲ. 1993ರಿಂದ 1996ರವರೆಗೆ ಪುಣೆಯ ಲೈಂಗಿಕ ರೋಗ ಕ್ಲಿನಿಕ್‌ಗಳಿಗೆ ಬಂದ ಹೆಂಗಸರ ರಕ್ತ ಪರೀಕ್ಷೆ ಮಾಡಿದ್ದರು. ಲೈಂಗಿಕ ವೃತ್ತಿಯವರನ್ನು ಬಿಟ್ಟು ಉಳಿದವರಲ್ಲಿ ನೂರಕ್ಕೆ 13.6ರಷ್ಟು ಮಂದಿಗೆ ಎಚ್‌ಐವಿ ಇತ್ತು. ಇವರಲ್ಲಿ ಹೆಚ್ಚಿನವರು ಗಂಡನ ಹೊರತು ಬೇರೆ ಸಂಬಂಧವೇ ಇಲ್ಲದ ಗೃಹಿಣಿಯರು. ಕಾಯಿಲೆಯೆಂದು ಕ್ಲಿನಿಕ್‌ಗೆ ಬಂದವರ ಲೆಕ್ಕ ಇದು, ಊರಿನ ಎಲ್ಲ ಹೆಂಗಸರದ್ದಲ್ಲ. ಆದರೂ ಸೋಂಕು ಯಾವ ಬಾಗಿಲಿನಿಂದ ಬಂತು ಎನ್ನುವುದು ಗೊತ್ತಾಗುತ್ತದೆ ಅಲ್ವಾ?

ಎಷ್ಟು ಜನರ ಜೊತೆ ಸಂಬಂಧ ಎನ್ನುವಷ್ಟೇ ಮುಖ್ಯ, ಅವು ಒಂದಾದ ಮೇಲೊಂದೋ ಅಥವಾ ಒಟ್ಟಿಗೇ ನಡೆಯುತ್ತಿವೆಯೋ ಎನ್ನುವುದು. ಹಳೆಯದು ಮುಗಿದು ಹೊಸದು ಶುರುವಾದರೆ, ಹೊಸಬರಿಂದ ಅಂಟಿದ್ದು ಹಳಬರಿಗೆ ಹೋಗುವುದಿಲ್ಲ. ಎರಡೂ ಒಟ್ಟಿಗೆ ನಡೆದರೆ ಅಲ್ಲಿ ಅಂಟಿದ್ದು ಅದೇ ವಾರ ಮನೆಗೂ ಬರಬಹುದು. ಗುಳೆ ಹೋದವರನ್ನೋ ಲಾರಿ ಡ್ರೈವರ್‌ಗಳನ್ನೋ ಬೈದು ಕೈ ತೊಳೆದುಕೊಳ್ಳಬೇಡಿ. ಇಸ್ತ್ರಿ ಅಂಗಿಯವರನ್ನೂ ನಾನು ಸಾಕಷ್ಟು ನೋಡಿದ್ದೇನೆ.

"ಬಿಳಿ ಹೋಗ್ತೈತ್ರಿ, ಸಿಸ್ಟರ್" ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ಬಿಳಿ ಸೆರಗೆಲ್ಲ ಗಂಡನಿಂದ ಬಂದಿದ್ದಲ್ಲ. ಫಂಗಸ್‌ನಿಂದಲೂ ಆಗುತ್ತದೆ, ಸುಮ್ನೆ ಅನುಮಾನ ಬೇಡ. ಆದರೆ ಗರ್ಭಕೋಶದ ಬಾಯಿಗೆ ಸೋಂಕಾಗಿದ್ದರೆ ಬೂದು ಬಣ್ಣದ ಕಿಟ್ ಕೊಡುತ್ತೇವೆ. ಅದರಲ್ಲಿ ಅಜಿತ್ರೊಮೈಸಿನ್, ಸೆಫಿಕ್ಸಿಮ್ ಮಾತ್ರೆಗಳು ಇರುತ್ತವೆ. ಗಂಡನಿಗೂ ಚಿಕಿತ್ಸೆ ಆಗಬೇಕು. ಇಬ್ಬರೂ ಮಾತ್ರೆ ತೆಗೆದುಕೊಂಡ ಮೇಲೂ ಏಳು ದಿನ ಕೂಡಬಾರದು. ಗಂಡ ಎಲ್ಲಿ? ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾನೆ. "ನನಗೇನಾಗಿದೆ?" ಎನ್ನುತ್ತಾನೆ. ಅವಳು ವಾಸಿಯಾಗಿ ಹೋಗುತ್ತಾಳೆ, ಮತ್ತೆ ಅಂಟಿಸಿಕೊಂಡು ಬರುತ್ತಾಳೆ.

ಬಾರದೇ ಇರುವವರ ಕಥೆ ಇನ್ನೂ ಕಷ್ಟ. ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ತಗುಲಿದ ಹೆಚ್ಚಿನ ಹೆಂಗಸರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಒಳಗೊಳಗೇ ಅದು ಗರ್ಭನಾಳಕ್ಕೆ ಏರಿ ನಾಳ ಕಟ್ಟಿಕೊಳ್ಳಬಹುದು. ಆಮೇಲೆ ಮಕ್ಕಳಾಗಲಿಲ್ಲ ಎಂದು ಅತ್ತೆ ಅವಳನ್ನೇ ಬಂಜೆ ಎನ್ನುತ್ತಾಳೆ. ಮಗನಿಗೆ ಇನ್ನೊಂದು ಹೆಣ್ಣು ಹುಡುಕಿದವರನ್ನೂ ನೋಡಿದ್ದೇನೆ.

ಕಾಂಡೋಮ್ ಬಳಸಿ ಎಂದು ಹೆಂಗಸರಿಗೆ ಹೇಳುವುದು ಸುಲಭ. ಮನೆಯಲ್ಲಿ ಹಾಗೆಂದರೆ "ನನ್ನ ಮೇಲೆ ಅನುಮಾನವೇ, ಇಲ್ಲಾ ನೀನೇ ಬೇರೆ ಕಡೆ ಹೋಗ್ತೀಯಾ" ಎಂದು ಹೊಡೆತ ತಿಂದವರಿದ್ದಾರೆ. ಬಸುರಿಯರಿಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡುತ್ತೇವೆ. ಅದೇ ದಿನ ಗಂಡನ ರಕ್ತವನ್ನೂ ಕೇಳಿ ಪಡೆಯುವುದನ್ನು ಆಸ್ಪತ್ರೆಗಳು ರೂಢಿ ಮಾಡಿಕೊಳ್ಳಬೇಕು.

ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಬರಹವನ್ನು ಗಂಡಸರಿಗೆಂದೇ ಬರೆಸಿ. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಗಂಡಸರಿಗೂ ಚಿಕಿತ್ಸೆ ಇದೆ, ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಕ್ರೀಡಾ ಪುಟದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು, ಅವರು ಓದುವುದು ಅದನ್ನೇ.

– ನಿವೃತ್ತ ನರ್ಸ್, ಕೊಪ್ಪಳ