ಕಾಫಿ ಕೊಡ್ತೀರಿ, ಆ್ಯಪ್ ಒಳಗೆ ಯಾಕೆ ಬಿಡಲ್ಲ?

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕಾಫಿ ಕಂಪನಿಯ ಪ್ರಧಾನ ಕಚೇರಿ, ಸಿಯೋಲ್

ಇಂದ,
ನಿಮ್ಮ ಯೊಂಗ್‌ತೊಂಗ್ ಶಾಖೆಯ ಗಿರಾಕಿ,
ಸುವೊನ್, ದಕ್ಷಿಣ ಕೊರಿಯಾ

ವಿಷಯ: ವಿದೇಶಿ ನಿವಾಸಿಗಳಿಗೆ ಆ್ಯಪ್ ಸದಸ್ಯತ್ವ ಸಿಗದಿರುವುದು, ಅದರಿಂದ 30,000 ವಾನ್ ಗಿಫ್ಟ್ ಕಾರ್ಡ್ ಹಾಳಾದದ್ದು, ಮತ್ತು ತಿಂಡಿಗಳಲ್ಲಿ ಮಾಂಸ ಇದೆಯೋ ಇಲ್ಲವೋ ತಿಳಿಸದಿರುವುದು.

ಮಾನ್ಯರೇ,

ಪತ್ರ ಕನ್ನಡದಲ್ಲಿದೆ, ಗಾಬರಿ ಬೇಡ. ಕೊರಿಯನ್ ಅನುವಾದವನ್ನು ಆಫೀಸಿನ ಗೆಳೆಯರೊಬ್ಬರು ಮಾಡಿಕೊಟ್ಟಿದ್ದಾರೆ, ಜೊತೆಗೇ ಇಟ್ಟಿದ್ದೇನೆ. ನನಗೆ ಬರುವ ಕೊರಿಯನ್ ಕಾಫಿ ತರಿಸಿಕೊಳ್ಳಲು ಸಾಕು, ಜಗಳ ಆಡಲು ಸಾಲದು. ವೆಬ್‌ಸೈಟಿನಲ್ಲೇ ದೂರು ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಲ್ಲಿ ದೂರು ಬರೆಯಬೇಕಾದರೆ ಲಾಗಿನ್ ಆಗಬೇಕು. ಲಾಗಿನ್ ಆಗಬೇಕಾದರೆ ಸದಸ್ಯನಾಗಿರಬೇಕು. ಸದಸ್ಯನಾಗಲು ಬಿಡುತ್ತಿಲ್ಲ ಅನ್ನೋದೇ ನನ್ನ ದೂರು. ಹಾಗಾಗಿ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ಗಿಫ್ಟ್ ಕಾರ್ಡಿನ ವಿಷಯ. ನಾನು ಬೇರೆ ತಂಡಕ್ಕೆ ಹೋಗುವಾಗ ಹಳೆಯ ತಂಡದವರು ಸೇರಿ ಇಲ್ಲಿನ ಮೆಸೇಜ್ ಆ್ಯಪ್ ಕಾಕಾವೊಟಾಕ್‌ನಲ್ಲಿ ನಿಮ್ಮ ಅಂಗಡಿಯ 30,000 ವಾನ್ ಕಾರ್ಡ್ ಕಳಿಸಿದರು. ಇಲ್ಲಿ ಹುಟ್ಟುಹಬ್ಬ ಇರಲಿ, ಪರೀಕ್ಷೆ ಪಾಸಾಗಿರಲಿ, ಜ್ವರ ಬಂದಿರಲಿ, ಕಾಫಿ ಕೂಪನ್ ಕಳಿಸುವುದೇ ಪದ್ಧತಿ. ಒಳ್ಳೆಯ ಪದ್ಧತಿ, ನನಗೂ ರೂಢಿಯಾಗಿದೆ. ಒಂದು ಕಾಫಿ, ಒಂದು ಕೇಕ್ ಅಂತ ಇರುವ ಕೂಪನ್ ಆದರೆ ಕೌಂಟರಿನಲ್ಲಿ ಬಾರ್‌ಕೋಡ್ ತೋರಿಸಿದರೆ ಸಾಕು. ಈ ಕಾರ್ಡ್ ಹಾಗಲ್ಲ. ನಿಮ್ಮ ನಿಯಮದ ಪ್ರಕಾರ ಇದನ್ನು ಮೊದಲು ಆ್ಯಪ್‌ಗೆ ಸೇರಿಸಬೇಕು. ಆಮೇಲೆ ಅದರಿಂದ ಸ್ವಲ್ಪ ಸ್ವಲ್ಪವೇ ಖರ್ಚು ಮಾಡಬೇಕು.

ಸರಿ, ಆ್ಯಪ್ ತೆರೆದೆ. ಅದು ಮೊದಲು ಹೆಸರು ಕೇಳಿತು, ಆಮೇಲೆ ಹುಟ್ಟಿದ ದಿನಾಂಕ. ಆಮೇಲೆ ಫೋನ್ ಕಂಪನಿ ಆರಿಸಬೇಕು: ಎಸ್‌ಕೆಟಿ, ಕೆಟಿ, ಎಲ್‌ಜಿ ಯುಪ್ಲಸ್, ಇಲ್ಲವೇ ಅವರ ಲೈನ್ ಮೇಲೆ ನಡೆಯುವ ಅಗ್ಗದ ಕಂಪನಿಗಳು. ಕೊಟ್ಟ ಹೆಸರು ಫೋನ್ ಕಂಪನಿಯ ಕಡತದಲ್ಲಿರುವ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಜಾಗ, ಯಾವುದು ಮೊದಲು ಯಾವುದು ಆಮೇಲೆ, ಎಲ್ಲವೂ. ಹೊಂದಿದರೆ ಮೆಸೇಜಿನಲ್ಲಿ ನಂಬರ್ ಬರುತ್ತದೆ. ಹೊಂದದಿದ್ದರೆ ಕೆಂಪು ಅಕ್ಷರದಲ್ಲಿ ಒಂದು ಸಾಲು: ಮಾಹಿತಿ ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ. ಯಾವ ಮಾಹಿತಿ ಹೊಂದುತ್ತಿಲ್ಲ ಅಂತ ಮಾತ್ರ ಹೇಳುವುದಿಲ್ಲ.

ಇಲ್ಲಿ ನನ್ನ ಹೆಸರಿನ ಬಗ್ಗೆ ಎರಡು ಮಾತು ಹೇಳಬೇಕು. ಕರ್ನಾಟಕದಲ್ಲಿ ಬಹಳ ಜನಕ್ಕೆ ಸರ್‌ನೇಮ್ ಅಂತ ಇರುವುದೇ ಇಲ್ಲ. ಇನಿಶಿಯಲ್ ಇರುತ್ತದೆ. ಒಂದು ಊರಿನದ್ದು, ಒಂದು ಅಪ್ಪನದ್ದು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ನಡೆಯಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಹಾಗಾಗಿ ನನ್ನ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ನಾನು ಮೂವರೂ ಸಾಲಾಗಿ ನಿಂತಿದ್ದೇವೆ. ಸರ್‌ನೇಮ್ ಜಾಗ ಖಾಲಿ. ಕೊರಿಯಾದಲ್ಲಿ ಹೆಚ್ಚಿನವರ ಹೆಸರು ಬರೆಯಲು ಮೂರು ಅಕ್ಷರ ಸಾಕು. ನಿಮ್ಮ ಆ್ಯಪ್ ಒಳಗೆ ಹೆಸರು ಬರೆಯುವ ಪೆಟ್ಟಿಗೆ ಆ ಅಳತೆಗೇ ಮಾಡಿದ್ದು. ಫೋನ್ ಅಂಗಡಿಯವನ ಕಂಪ್ಯೂಟರಿನಲ್ಲೂ ಜಾಗ ಸಾಲಲಿಲ್ಲ, ಹಾಗಾಗಿ ಕೊನೆಯ ಕೆಲವು ಅಕ್ಷರ ಬಿಟ್ಟುಹೋಗಿವೆ. ವಿದೇಶಿಯರಿಗೆ ಸರ್ಕಾರ ಕೊಡುವ ನಿವಾಸಿ ಕಾರ್ಡಿನಲ್ಲಿ ಪೂರ್ತಿ ಇದೆ. ನಿಮ್ಮ ಆ್ಯಪ್ ಪೂರ್ತಿ ಹೆಸರನ್ನು ಬರೆಯಲೂ ಬಿಡುವುದಿಲ್ಲ, ತುಂಡು ಹೆಸರನ್ನು ಒಪ್ಪುವುದೂ ಇಲ್ಲ.

ನನ್ನ ಬ್ಯಾಂಕಿನವರು ನಿವಾಸಿ ಕಾರ್ಡ್ ನೋಡಿ, ಪಾಸ್‌ಪೋರ್ಟ್ ನೋಡಿ, ಕೌಂಟರಿನಲ್ಲೇ ಸರಿಮಾಡಿ ಕೊಟ್ಟರು. ಸಂಬಳ ಅಲ್ಲಿಗೇ ಬರುತ್ತದೆ. ಅಂದರೆ ಈ ದೇಶದಲ್ಲಿ ಹಣ ಇಡಲು ನಾನು ಯಾರು ಅನ್ನೋದು ಗೊತ್ತಾಗಿದೆ, ಕಾಫಿ ಕುಡಿಯಲು ಮಾತ್ರ ಗೊತ್ತಾಗಿಲ್ಲ! ಒಂದು ಲೋಟ ಅಮೆರಿಕಾನೊಗೆ ಇಷ್ಟೊಂದು ಗುರುತು ಯಾಕೆ ಬೇಕು ಅಂತ ನಿಮ್ಮಲ್ಲಿ ಯಾರಾದರೂ ಎಂದಾದರೂ ಕೇಳಿಕೊಂಡಿದ್ದೀರಾ? ನಮ್ಮ ಬೆಂಗಳೂರಿನ ದರ್ಶಿನಿಯಲ್ಲಿ ದುಡ್ಡು ಕೊಟ್ಟು ಟೋಕನ್ ಇಟ್ಟರೆ ಕಾಫಿ ಬರುತ್ತದೆ. ಹೆಸರು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಗಿಫ್ಟ್ ಕಾರ್ಡಿನ ಅವಧಿ ಮುಗಿಯುವ ಮೊದಲೇ ನಿಮ್ಮ ಶಾಖೆಗೆ ಹೋಗಿ ಅದನ್ನು ತೋರಿಸಿದೆ. ಕೌಂಟರಿನಲ್ಲಿದ್ದ ಹುಡುಗಿ ತುಂಬಾ ಒಳ್ಳೆಯವಳು. ತನ್ನ ಫೋನ್ ತೆಗೆದು ಯಾವ ಬಟನ್ ಎಲ್ಲಿದೆ ಅಂತ ತೋರಿಸಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಎರಡೂ ಕೈ ಜೋಡಿಸಿ ಕ್ಷಮೆ ಕೇಳಿದಳು. ಅವಳದ್ದೇನು ತಪ್ಪಿದೆ? ಸಿಸ್ಟಮ್ ಮಾಡಿದವರು ನೀವು, ತಲೆ ಬಗ್ಗಿಸಿದ್ದು ಪಾರ್ಟ್‌ಟೈಮ್ ಕೆಲಸದ ಹುಡುಗಿ. ಆಮೇಲೆ ನಿಮ್ಮ ಕಾಲ್ ಸೆಂಟರಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ, ಫೋನ್ ಕಂಪನಿಯನ್ನು ಕೇಳಿ. ಫೋನ್ ಕಂಪನಿಯವರ ಉತ್ತರ, ಆ್ಯಪ್‌ನವರನ್ನು ಕೇಳಿ. ಈ ಓಡಾಟದಲ್ಲಿ ಕಾರ್ಡಿನ ಅವಧಿ ಮುಗಿದುಹೋಯಿತು.

ಅವಧಿ ಮುಗಿದ ಮೇಲೂ, ಕೊಂಡ ದಿನದಿಂದ ಐದು ವರ್ಷದೊಳಗೆ ಕೇಳಿದರೆ ಇಷ್ಟು ಮೊತ್ತದ ಕಾರ್ಡಿಗೆ 90% ಹಣ ವಾಪಸ್ ಕೊಡಬೇಕು ಅಂತ ಕೊರಿಯಾದಲ್ಲಿ ವ್ಯಾಪಾರದ ನ್ಯಾಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೇರ್ ಟ್ರೇಡ್ ಕಮಿಷನ್‌ನ ಮಾದರಿ ಷರತ್ತುಗಳಲ್ಲಿದೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ 90% ನನಗೆ ಬೇಡ. ಅದು ಕೂಪನ್ ಮರೆತು ಕೂತವರಿಗೆ ಮಾಡಿದ ಲೆಕ್ಕ. ನಾನು ಅವಧಿಯೊಳಗೇ ನಿಮ್ಮ ಕೌಂಟರಿನಲ್ಲಿ ನಿಂತಿದ್ದೆ. ಬಳಸಲು ಬಿಡದವರು ನೀವು. ಪೂರ್ತಿ 30,000 ವಾನ್ ಕೊಡಬೇಕು.

ಇನ್ನು ಕಿಯೋಸ್ಕ್, ಅಂದರೆ ಪರದೆ ಒತ್ತಿ ಆರ್ಡರ್ ಕೊಡುವ ಯಂತ್ರ. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಕೌಂಟರಿನಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಎಲ್ಲರೂ ಆ ಪರದೆಯ ಮುಂದೆ ನಿಲ್ಲಬೇಕು. ಇಂಗ್ಲಿಷ್ ಬಟನ್ ಇದೆ, ಒಪ್ಪಿದೆ. ಒತ್ತಿದರೆ ಪಾನೀಯದ ಹೆಸರುಗಳಷ್ಟೇ ಇಂಗ್ಲಿಷ್ ಆಗುತ್ತವೆ. ಮುಂದಿನ ಪುಟದಿಂದ ಮತ್ತೆ ಕೊರಿಯನ್. ಒಳಗೆ ಕೂರುತ್ತೀರಾ, ಕಟ್ಟಿಸಿಕೊಂಡು ಹೋಗುತ್ತೀರಾ ಅಂತ ಕೇಳುವ ಪುಟವೂ ಹಾಗೇ. ಇದು ಸಣ್ಣ ಪ್ರಶ್ನೆ ಅಲ್ಲ. 2018ರ ಆಗಸ್ಟ್‌ನಲ್ಲಿ ಶುರುವಾಗಿ, ಕೊರೊನಾ ಕಾಲದಲ್ಲಿ ಸಡಿಲವಾಗಿ, 2022ರ ಏಪ್ರಿಲ್‌ನಿಂದ ಮತ್ತೆ ಜಾರಿಯಾದ ನಿಯಮದ ಪ್ರಕಾರ ಒಳಗೆ ಕೂತವರಿಗೆ ಬಿಸಾಡುವ ಪ್ಲಾಸ್ಟಿಕ್ ಲೋಟ ಕೊಡುವಂತಿಲ್ಲ. ಹೊಸಬರು ತಪ್ಪು ಬಟನ್ ಒತ್ತಿ ಪ್ಲಾಸ್ಟಿಕ್ ಲೋಟ ಹಿಡಿದು ಕೂತರೆ ನಿಮ್ಮ ಹುಡುಗರು ಓಡಿ ಬಂದು ಎಬ್ಬಿಸುತ್ತಾರೆ. ಪಾಪ, ಅವರಿಗೆ ಯಾಕೆ ಎಬ್ಬಿಸಿದರು ಅಂತಲೂ ಗೊತ್ತಾಗುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಪರದೆ ಟೈಮ್ ಔಟ್ ಆಗಿ ಮೊದಲ ಪುಟಕ್ಕೆ ಹೋಗುತ್ತದೆ, ಅದು ಬೇರೆ.

ಮೂರನೆಯದು ಹ್ಯಾಮ್, ಅಂದರೆ ಉಪ್ಪು ಹಾಕಿ ಸಂಸ್ಕರಿಸಿದ ಹಂದಿಮಾಂಸ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಣ ಹೋದರೆ ಬರುತ್ತದೆ, ಇದು ಹಾಗಲ್ಲ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸ್ಯಾಂಡ್‌ವಿಚ್ ಇರುತ್ತದೆ. ಮುಂದೆ ಇಟ್ಟ ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ ಪೊಟೇಟೊ ಎಗ್ ಅಂತ ಬರೆದಿದೆ. ತೆಗೆದುಕೊಂಡೆ. ಎರಡು ತುತ್ತು ತಿಂದ ಮೇಲೆ ಹಲ್ಲಿಗೆ ಏನೋ ರಬ್ಬರಿನಂಥದ್ದು ಸಿಕ್ಕಿತು. ಬ್ರೆಡ್ ಬಿಡಿಸಿ ನೋಡಿದೆ. ಹಳದಿ ಆಲೂಗಡ್ಡೆಯ ನಡುವೆ, ಸೌತೆಕಾಯಿಯ ಚೂರುಗಳ ಪಕ್ಕದಲ್ಲಿ, ಸಣ್ಣ ಸಣ್ಣ ಚೌಕ, ತಿಳಿ ಗುಲಾಬಿ ಬಣ್ಣ. ಕೌಂಟರಿನಲ್ಲಿ ಕೇಳಿದರೆ, ಮಾಂಸ ಇಲ್ಲ ಸರ್, ಸ್ವಲ್ಪ ಹ್ಯಾಮ್ ಅಷ್ಟೇ ಅಂದರು. ಅವರು ಸುಳ್ಳು ಹೇಳಲಿಲ್ಲ, ಅವರ ಲೆಕ್ಕದಲ್ಲಿ ಮಾಂಸ ಅಂದರೆ ಒಲೆಯ ಮೇಲೆ ಸುಡುವಂಥದ್ದು. ನಾನು ಆ ದಿನ ಮತ್ತೇನೂ ತಿನ್ನಲಿಲ್ಲ.

ಈ ಮಾಹಿತಿ ನಿಮ್ಮಲ್ಲಿ ಇಲ್ಲ ಅಂತಲ್ಲ. ಕೊರಿಯಾದ ಅಲರ್ಜಿ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಕಡಲೇಕಾಯಿ ಜೊತೆಗೆ ಹಂದಿ, ಕೋಳಿ, ದನದ ಮಾಂಸವೂ ಸೇರಿದೆ. ಆ ಸ್ಯಾಂಡ್‌ವಿಚ್ಚಿನ ಪ್ಲಾಸ್ಟಿಕ್ ಕವರಿನ ಹಿಂದೆ, ಇರುವೆ ಸಾಲಿನಂಥ ಕೊರಿಯನ್ ಅಕ್ಷರದಲ್ಲಿ ಹಂದಿಮಾಂಸ ಅಂತ ಬರೆದೇ ಇತ್ತು. ನೀವು ಮಾಡಬೇಕಾದ್ದು ಇಷ್ಟೇ: ಆ ಒಂದು ಸಾಲನ್ನು ಮುಂದಿನ ಚೀಟಿಗೆ ತನ್ನಿ, ಇಂಗ್ಲಿಷ್‌ನಲ್ಲೂ ಹಾಕಿ. ನಾನೊಬ್ಬನೇ ಅಲ್ಲ, ಹಂದಿ ತಿನ್ನದ ಮುಸ್ಲಿಂ ವಿದ್ಯಾರ್ಥಿಗಳು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಮಶ್ರೂಮ್ ಸೂಪಿನಲ್ಲಿ ಏನೇನಿದೆ ಅಂತ ನಾನು ಕೇಳುವುದನ್ನೇ ಬಿಟ್ಟಿದ್ದೇನೆ.

ಇಷ್ಟು ಕಷ್ಟ ಇದ್ದರೆ ಬೇರೆ ಕಡೆ ಹೋಗಿ ಅಂತ ನೀವು ಅನ್ನಬಹುದು. ಮೂಲೆ ಮೂಲೆಯಲ್ಲೂ 2,000 ವಾನ್‌ಗೆ ಐಸ್ಡ್ ಅಮೆರಿಕಾನೊ ಸಿಗುವ ಊರಿದು, ನಿಜ. ಆದರೂ ನಿಮ್ಮಲ್ಲಿಗೇ ಬರುವುದಕ್ಕೆ ಕಾರಣ ಇದೆ. ನಾನಿರುವುದು ಒಂದು ಕೋಣೆಯ ಮನೆ. ಹಾಸಿಗೆ ಬಿಚ್ಚಿದರೆ ನಡೆಯಲು ಜಾಗ ಇಲ್ಲ. ಗೆಳೆಯರು ಬಂದರೆ ಕೂರಿಸುವುದು ನಿಮ್ಮ ಅಂಗಡಿಯಲ್ಲೇ. ಕೊರಿಯನ್ ಪರೀಕ್ಷೆಗೆ ಓದುವುದೂ ಅಲ್ಲೇ, ಭಾನುವಾರ ಸಂಜೆ ಊರಿಗೆ ಫೋನ್ ಮಾಡುವುದೂ ಅಲ್ಲೇ. ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲೆ ಬಿಟ್ಟು ಶೌಚಾಲಯಕ್ಕೆ ಹೋಗಿ ಬಂದರೆ ಅದು ಇಟ್ಟಲ್ಲೇ ಇರುತ್ತದೆ. ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸುವುದಿಲ್ಲ. ಜನವರಿಯ ಚಳಿಯಲ್ಲೂ ಜನ ಐಸ್ ಹಾಕಿದ ಕಾಫಿ ಕುಡಿಯುವುದನ್ನು ನೋಡಿ ಮೊದಲು ನಕ್ಕಿದ್ದೆ, ಈಗ ನಾನೂ ಕುಡಿಯುತ್ತೇನೆ. ಜಾಗ ಇಷ್ಟ ಅಂತಲೇ ಇಷ್ಟುದ್ದ ಪತ್ರ ಬರೆಯುತ್ತಿರುವುದು. ಇಷ್ಟ ಇಲ್ಲದಿದ್ದರೆ ಸುಮ್ನೆ ಎದ್ದು ಹೋಗುತ್ತಿದ್ದೆ.

2024ರ ಕೊನೆಗೆ ಕೊರಿಯಾದಲ್ಲಿರುವ ವಿದೇಶಿಯರ ಸಂಖ್ಯೆ 26 ಲಕ್ಷ ದಾಟಿತ್ತು. 2025ರಲ್ಲಿ ಸರ್ಕಾರವೇ ನಿವಾಸಿ ಕಾರ್ಡನ್ನು ಮೊಬೈಲಿಗೆ ತಂದಿದೆ. ಸರ್ಕಾರಿ ಕಚೇರಿಗೆ ಆಗುವ ಕೆಲಸ ಕಾಫಿ ಕಂಪನಿಗೆ ಆಗಲ್ಲ ಅಂದರೆ ನಂಬೋದು ಕಷ್ಟ, ಅಲ್ವಾ? ಇಮೇಲ್ ಕೊಟ್ಟು ಸದಸ್ಯರಾಗುವ ದಾರಿ ಮಾಡಿ. ಅದಾಗದಿದ್ದರೆ ಶಾಖೆಯಲ್ಲೇ ನಿವಾಸಿ ಕಾರ್ಡ್ ನೋಡಿ ಕೈಯಾರೆ ನೋಂದಾಯಿಸುವ ವ್ಯವಸ್ಥೆ ಮಾಡಿ. ಅದೂ ಬೇಡವೇ, ಗಿಫ್ಟ್ ಕಾರ್ಡನ್ನು ಕೌಂಟರಿನಲ್ಲಿ ನೇರವಾಗಿ ತೆಗೆದುಕೊಳ್ಳಿ. ಕಿಯೋಸ್ಕಿನ ಇಂಗ್ಲಿಷ್ ಬಟನ್ ಕೊನೆಯ ಪುಟದವರೆಗೂ ಕೆಲಸ ಮಾಡಲಿ. ಹ್ಯಾಮ್ ಇರುವ ಕಡೆ ಹ್ಯಾಮ್ ಅಂತ ಬರೆಯಿರಿ. ದೂರು ಕೊಡುವ ಪುಟವನ್ನಾದರೂ ದಯವಿಟ್ಟು ಲಾಗಿನ್ ಇಲ್ಲದೆ ತೆರೆದಿಡಿ.

ಪತ್ರ ತಲುಪಿದ ಎರಡು ವಾರದೊಳಗೆ ಉತ್ತರ ಕೊಡಿ. ಕೊರಿಯನ್‌ನಲ್ಲಿ ಬರೆದರೂ ಪರವಾಗಿಲ್ಲ, ಓದಿಸಿಕೊಳ್ಳುತ್ತೇನೆ. ಹಣವನ್ನು ಜೊತೆಗಿರುವ ಬ್ಯಾಂಕ್ ಖಾತೆಗೆ ಹಾಕಿ. ಖಾತೆಯ ಹೆಸರು ಉದ್ದ ಇದೆ, ಪೂರ್ತಿ ಬರೆಯಿರಿ, ಬ್ಯಾಂಕ್ ಒಪ್ಪುತ್ತದೆ. ಉತ್ತರ ಬಾರದಿದ್ದರೆ 1372 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅದಕ್ಕೆ ಬೇಕಾದ ಕೊರಿಯನ್ ವಾಕ್ಯಗಳನ್ನು ಗೆಳೆಯರು ಆಗಲೇ ಬರೆದುಕೊಟ್ಟಿದ್ದಾರೆ.

ಇತಿ,
ಯೊಂಗ್‌ತೊಂಗ್ ಶಾಖೆಯ ಗಿರಾಕಿ

ಲಗತ್ತು: ಪತ್ರದ ಕೊರಿಯನ್ ಅನುವಾದ, ಗಿಫ್ಟ್ ಕಾರ್ಡಿನ ಸ್ಕ್ರೀನ್‌ಶಾಟ್, ಆ್ಯಪ್ ತೋರಿಸಿದ ಕೆಂಪು ಸಾಲಿನ ಸ್ಕ್ರೀನ್‌ಶಾಟ್, ಸ್ಯಾಂಡ್‌ವಿಚ್ ಕವರಿನ ಎರಡೂ ಬದಿಯ ಫೋಟೊ, ನಿವಾಸಿ ಕಾರ್ಡಿನ ನಕಲು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ.